ಇಷ್ಟು ವರ್ಷ ಸುಮ್ನಿದ್ದು ಈಗ ಯಾಕೆ ಪದಕ ಕೇಳ್ತಾರೆ?

ಮಾಜಿ ಸೈನಿಕರಿಗೆ ಅರ್ಜಿ, ಮನವಿ ಅಂತ ಬರೆದುಕೊಡುವ ಅಭ್ಯಾಸ ನನಗೆ. ಇದು ಗೊತ್ತಾದವರೆಲ್ಲ ಸುತ್ತಿ ಬಳಸಿ ಕೊನೆಗೆ ಕೇಳುವುದು ಒಂದೇ ಪ್ರಶ್ನೆ. "ನಿಜವಾಗ್ಲೂ ಯುದ್ಧದಲ್ಲಿ ಹೋರಾಡಿದ್ರೆ ಆಗ್ಲೇ ಕೊಡ್ತಿರ್ಲಿಲ್ವಾ? ಇಷ್ಟು ವರ್ಷ ಸುಮ್ನಿದ್ದು ಈಗ್ಯಾಕೆ ಕೇಳೋದು?" ಕೆಲವರು ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ಅನುಮಾನಕ್ಕೆ. ಒಮ್ಮೊಮ್ಮೆ ಸ್ವಂತ ಮಕ್ಕಳೇ ಕೇಳುತ್ತಾರೆ, ಅಪ್ಪ ಪಕ್ಕದ ರೂಮಿನಲ್ಲಿರುವಾಗ ದನಿ ತಗ್ಗಿಸಿ.

ಪ್ರತಿಸಲ ಬಾಯಲ್ಲಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ನನ್ನ ಪ್ರಕಾರ ಪ್ರಶ್ನೆಯೇ ತಲೆಕೆಳಗಾಗಿದೆ. ದೊಡ್ಡ ಕಾಳಗದಲ್ಲಿ ಹೋರಾಡಿದವನಿಗೆ ಪದಕ ಬೇಗ ಸಿಗುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಆಗುವುದು ಬಹಳ ಸಲ ಉಲ್ಟಾ. ಕಾಳಗ ಎಷ್ಟು ಭೀಕರವೋ ಅದರ ಫೈಲು ಅಷ್ಟು ತೆಳ್ಳಗಿರುತ್ತದೆ.

ಯಾಕೆ ಅಂದರೆ, ಶೌರ್ಯ ಪದಕ ತಾನಾಗೇ ಬರುವುದಿಲ್ಲ. ಒಬ್ಬ ಅಧಿಕಾರಿ ಕೂತು ಶಿಫಾರಸು ಬರೆಯಬೇಕು. ನೋಡಿದವರು ಹೌದು ಅಂತ ಹೇಳಬೇಕು. ಆ ಕಾಗದ ಒಂದೊಂದೇ ಮೆಟ್ಟಿಲು ಹತ್ತಿ ಮೇಲಕ್ಕೆ ಹೋಗಬೇಕು, ದಾರಿಯಲ್ಲಿ ಎಲ್ಲೂ ಕಳೆದುಹೋಗಬಾರದು, ಯಾವ ಮೇಜಿನ ಮೇಲೂ ಮಲಗಬಾರದು. ಅಂದರೆ ಬರೆಯುವ ಅಧಿಕಾರಿ ಬದುಕಿರಬೇಕು, ನೋಡಿದವರು ಬದುಕಿರಬೇಕು, ಮೇಲಿನವರಿಗೆ ಆ ಕಾಳಗದ ಬಗ್ಗೆ ಮಾತಾಡುವ ಮನಸ್ಸೂ ಇರಬೇಕು. ಒಂದು ಇಡೀ ಕಂಪನಿಯೇ, ಅಂದರೆ ಸೈನಿಕರ ಒಂದು ತುಕಡಿಯೇ, ಅಳಿದುಹೋದ ಜಾಗದಲ್ಲಿ ಇದೆಲ್ಲ ಎಲ್ಲಿಂದ ಬರಬೇಕು?

ರೆಜಾಂಗ್ ಲಾ ಹೆಸರು ಕೇಳಿರುತ್ತೀರಿ. ಲಡಾಖಿನ ಚುಶೂಲ್ ಭಾಗ, 16,000 ಅಡಿಗೂ ಎತ್ತರದ ಜಾಗ. ಚೀನಾ ಜೊತೆಗಿನ ಯುದ್ಧದಲ್ಲಿ, 1962ರ ನವೆಂಬರ್ 18ರಂದು, ಅಲ್ಲಿದ್ದದ್ದು 13ನೇ ಕುಮಾವೂಂ ಬೆಟಾಲಿಯನ್ನಿನ ಚಾರ್ಲಿ ಕಂಪನಿ, ಸುಮಾರು 120 ಜನ, ಮೇಜರ್ ಶೈತಾನ್ ಸಿಂಗ್ ಮುಂದಾಳು. ನಡುವೆ ಗುಡ್ಡ ಅಡ್ಡ ಇದ್ದದ್ದರಿಂದ ಹಿಂದಿನಿಂದ ಫಿರಂಗಿಗಳ ನೆರವು ಸಿಗುವ ಹಾಗಿರಲಿಲ್ಲ. ಕಂಪನಿಯ ಬಹುಪಾಲು ಜನ ಅಲ್ಲೇ ಸತ್ತರು. ಕೆಳಗೆ ಇಳಿದು ಬಂದ ಬೆರಳೆಣಿಕೆಯ ಜನ ನಡೆದದ್ದನ್ನು ಹೇಳಿದಾಗ ಕೇಳಿದವರು ನಂಬಲಿಲ್ಲ. ಇಡೀ ಕಂಪನಿ ಕದಲದೆ ನಿಂತು ಕೊನೆಯ ಗುಂಡಿನವರೆಗೆ ಹೋರಾಡಿತು ಅನ್ನುವುದು ಉತ್ಪ್ರೇಕ್ಷೆ ಅನ್ನಿಸಿತು.

ಚಳಿಗಾಲ ಕಳೆಯುವ ಹೊತ್ತಿಗೆ, 1963ರಲ್ಲಿ, ಅತ್ತ ಹೋದ ಒಬ್ಬ ಕುರಿಗಾಹಿಗೆ ಹೆಣಗಳು ಕಂಡವು. ಆಮೇಲೆ ಹೋಗಿ ನೋಡಿದವರಿಗೆ ಸಿಕ್ಕಿದ್ದು ಹೆಪ್ಪುಗಟ್ಟಿದ ದೇಹಗಳು, ತಮ್ಮ ತಮ್ಮ ಕಂದಕಗಳಲ್ಲಿ, ಎಷ್ಟೋ ಜನರ ಕೈಯಲ್ಲಿ ಆಯುಧ ಹಾಗೇ ಇತ್ತು. ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ನರ್ಸಿಂಗ್ ಸಹಾಯಕನ ಕೈಯಲ್ಲಿ ಸಿರಿಂಜ್ ಇತ್ತು, ಬ್ಯಾಂಡೇಜ್ ಇತ್ತು. ಬದುಕಿ ಬಂದವರ ಮಾತಿಗೆ ಸಾಕ್ಷಿ ಹೇಳಿದ್ದು ಸತ್ತವರು. ಶೈತಾನ್ ಸಿಂಗ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು.

ಆ ಕುರಿಗಾಹಿ ಬೇರೆ ದಾರಿ ಹಿಡಿದಿದ್ದರೆ? ನಾನು ಈ ಪ್ರಶ್ನೆ ಕೇಳಿಕೊಳ್ಳುತ್ತಲೇ ಇರುತ್ತೇನೆ. ಇಳಿದು ಬಂದ ಆ ಕೆಲವರು ಮುದುಕರಾದ ಮೇಲೆ ಅರ್ಜಿ ಹಿಡಿದು ಓಡಾಡುತ್ತಿದ್ದರು, ಜನ ಅವರನ್ನೂ "ಇಷ್ಟು ವರ್ಷ ಸುಮ್ನಿದ್ದು ಈಗ್ಯಾಕೆ" ಅಂತಲೇ ಕೇಳುತ್ತಿದ್ದರು.

ಸಮುದ್ರದ ಕಥೆ ಇನ್ನೂ ಕಷ್ಟ, ಅಲ್ಲಿ ಹೋಗಿ ನೋಡೋಕೂ ಏನೂ ಉಳಿಯುವುದಿಲ್ಲ. 1942ರ ಡಿಸೆಂಬರ್ 1ರಂದು ಟಿಮೋರ್ ಸಮುದ್ರದಲ್ಲಿ ಆಸ್ಟ್ರೇಲಿಯಾದ ಆರ್ಮಿಡೇಲ್ ಹಡಗಿಗೆ ಜಪಾನಿ ವಿಮಾನಗಳು ಮುತ್ತಿಗೆ ಹಾಕಿದವು. ಹಡಗು ಬಿಡಿ ಅಂತ ಆದೇಶವಾದ ಮೇಲೂ 18 ವರ್ಷದ ಟೆಡ್ಡಿ ಶೀನ್ ತನ್ನನ್ನು ತಾನೇ ಗನ್‌ಗೆ ಕಟ್ಟಿಕೊಂಡು, ಹಡಗು ಮುಳುಗುವವರೆಗೂ ಗುಂಡು ಹಾರಿಸುತ್ತಲೇ ಇದ್ದ. ಅಲ್ಲಿನ ಅತಿದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿದ್ದು 2020ರಲ್ಲಿ. 78 ವರ್ಷ. ಅದೂ ಅವನ ಮನೆಯವರು ಬಿಡದೆ ಕೇಳಿದ್ದಕ್ಕೆ.

ಸಾಕ್ಷಿ ಸತ್ತದ್ದು ಒಂದು ಕಾರಣ. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ನಾಚಿಕೆ. ಸೈನಿಕರದ್ದಲ್ಲ, ಅವರನ್ನು ಕಳಿಸಿದವರದ್ದು.

ಐರ್ಲೆಂಡಿನ ಒಂದು ಕಂಪನಿ 1961ರಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯಾಗಿ ಕಾಂಗೋಗೆ ಹೋಗಿತ್ತು. ಜಾಡೊಟ್‌ವಿಲ್ ಅನ್ನುವ ಊರಲ್ಲಿ ನೂರೈವತ್ತು ಚಿಲ್ಲರೆ ಜನ, ಕಮಾಂಡರ್ ಪ್ಯಾಟ್ ಕ್ವಿನ್‌ಲನ್. ಸೆಪ್ಟೆಂಬರಿನಲ್ಲಿ, ಕಾಂಗೋದಿಂದ ಬೇರೆಯಾಗ ಹೊರಟಿದ್ದ ಕಟಾಂಗಾ ಪ್ರಾಂತ್ಯದ ಪಡೆಗಳು ಸುತ್ತುವರಿದು ದಾಳಿ ಮಾಡಿದವು, ಅವರ ಜೊತೆ ಬಾಡಿಗೆ ಸೈನಿಕರೂ ಇದ್ದರು, ಸಂಖ್ಯೆಯಲ್ಲಿ ಎಷ್ಟೋ ಪಟ್ಟು ಜಾಸ್ತಿ. ಐದು ದಿನ ಇವರು ತಡೆದರು. ಕ್ವಿನ್‌ಲನ್ ಮೊದಲೇ ಕಂದಕ ತೋಡಿಸಿದ್ದರಿಂದ ಇವರ ಕಡೆ ಒಬ್ಬನೂ ಸಾಯಲಿಲ್ಲ. ಆದರೆ ಗುಂಡು ಮುಗಿಯಿತು, ನೀರು ಮುಗಿಯಿತು, ನೆರವಿಗೆ ಬಂದ ತುಕಡಿಗಳು ದಾಟಿ ಬರಲಾಗಲಿಲ್ಲ. ಶರಣಾದರು. ಒಂದು ತಿಂಗಳ ಮೇಲೆ ಸೆರೆಯಲ್ಲಿದ್ದು ಮನೆಗೆ ಬಂದರೆ, ಅಲ್ಲಿ ಅವರಿಗೆ ಸಿಕ್ಕಿದ್ದು ಶರಣಾದವರು ಅನ್ನುವ ಹೆಸರು. ಕ್ವಿನ್‌ಲನ್ ತಮ್ಮ ಹುಡುಗರಿಗೆ ಪದಕ ಕೊಡಿ ಅಂತ ಶಿಫಾರಸು ಮಾಡಿದ್ದರು, ಒಂದೂ ಆಗಲಿಲ್ಲ. ಅವರು 1997ರಲ್ಲಿ ತೀರಿಕೊಂಡರು. ಇಡೀ ಘಟಕಕ್ಕೆ ಸರ್ಕಾರದ ಪ್ರಶಂಸೆ ಬಂದದ್ದು 2016ರಲ್ಲಿ, ಪದಕ ಬಂದದ್ದು 2017ರಲ್ಲಿ.

ಒಬ್ಬನನ್ನೂ ಕಳೆದುಕೊಳ್ಳದೆ ಐದು ದಿನ ಊರು ಕಾಯ್ದ ಕಮಾಂಡರನ್ನು ಯಾವ ಸೇನೆಯಾದರೂ ಪಾಠದಲ್ಲಿ ಸೇರಿಸಬೇಕಿತ್ತು, ಅಲ್ವಾ? ಒಂದು ವೇಳೆ ಅವರು ಅಲ್ಲೇ ಸತ್ತಿದ್ದರೆ ಮರುವರ್ಷವೇ ಪ್ರತಿಮೆ ನಿಲ್ಲಿಸುತ್ತಿದ್ದರೇನೋ.

ನಮ್ಮಲ್ಲೂ ಈ ಥರ ಮಾತಾಡದೆ ಬಿಟ್ಟ ಯುದ್ಧ ಇದೆ. 1987ರಿಂದ 1990ರವರೆಗೆ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಪರಮವೀರ ಚಕ್ರ ಬಂದದ್ದು ಅಲ್ಲಿನ ಕಾಳಗಕ್ಕೇ. ಆದರೂ ಆ ಕಾರ್ಯಾಚರಣೆ ಬಗ್ಗೆ ಹೆಮ್ಮೆಯಿಂದ ಮಾತಾಡುವವರು ಕಡಿಮೆ, ಎಷ್ಟೋ ವರ್ಷ ಹೋಗಿಬಂದವರು ತಮ್ಮ ಪಾಡಿಗೆ ತಾವೇ ಸೇರಿ ಸತ್ತ ಗೆಳೆಯರನ್ನು ನೆನೆಯುತ್ತಿದ್ದರು. ರಾಜಕೀಯ ತೀರ್ಮಾನ ಸರಿಯೋ ತಪ್ಪೋ, ಅದನ್ನು ಜಗಳವಾಡಿ ತೀರಿಸಿಕೊಳ್ಳಿ. ಅದರ ಲೆಕ್ಕ ಸೈನಿಕನ ಎದೆಯ ಮೇಲೆ ಯಾಕೆ ಚುಕ್ತಾ ಮಾಡಬೇಕು ಅನ್ನುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

"ಸುಮ್ನಿದ್ದದ್ದು ಯಾಕೆ" ಅನ್ನುವುದಕ್ಕೆ ಇನ್ನೂ ನೇರವಾದ ಉತ್ತರವೂ ಉಂಟು. ಬಾಯಿ ಬಿಡಬೇಡ ಅಂತ ಆದೇಶ ಇರುತ್ತದೆ. ಕೊರಿಯಾ ಯುದ್ಧದಲ್ಲಿ, 1952ರ ನವೆಂಬರ್ 18ರಂದು, ಅಮೆರಿಕದ ನೌಕಾಪಡೆಯ ಪೈಲಟ್ ರಾಯ್ಸ್ ವಿಲಿಯಮ್ಸ್ ಒಬ್ಬರೇ ಏಳು ಸೋವಿಯತ್ ಮಿಗ್-15 ವಿಮಾನಗಳ ಎದುರು ಹೋರಾಡಿ ನಾಲ್ಕನ್ನು ಕೆಡವಿದರು. ಅವರ ವಿಮಾನ ಜರಡಿಯಾಗಿ ಹಡಗಿಗೆ ವಾಪಸಾಯಿತು, ಎಣಿಸಿದರೆ 263 ತೂತು. ಸೋವಿಯತ್ ಪೈಲಟ್‌ಗಳ ಜೊತೆ ನೇರ ಕಾಳಗ ಆಯಿತು ಅಂತ ಗೊತ್ತಾದರೆ ಯುದ್ಧ ಹಬ್ಬುತ್ತದೆ ಅನ್ನುವ ಭಯಕ್ಕೆ ವಿಷಯ ಮುಚ್ಚಿಟ್ಟರು. ಅವರು ಹೆಂಡತಿಗೂ ಹೇಳಲಿಲ್ಲ. ನೌಕಾಪಡೆಯ ದೊಡ್ಡ ಶೌರ್ಯ ಪದಕ ನೇವಿ ಕ್ರಾಸ್ ಬಂದದ್ದು 2023ರಲ್ಲಿ. ಇವರಿಗೆ ಹೋಗಿ "ಇಷ್ಟು ದಿನ ಎಲ್ಲಿದ್ರಿ" ಅಂತ ಕೇಳುತ್ತೀರಾ?

ಅದೇ ದೇಶದ ಪ್ಯಾರಿಸ್ ಡೇವಿಸ್ ಅವರದ್ದು ಕಾಗದದ ಕಥೆ. 1965ರ ಜೂನಿನಲ್ಲಿ ವಿಯೆಟ್ನಾಮಿನ ಬಾಂಗ್ ಸಾನ್ ಹತ್ತಿರ, ತಾವೇ ಗಾಯಗೊಂಡಿದ್ದರೂ ತಮ್ಮವರನ್ನು ಬಿಟ್ಟು ಬರಲ್ಲ ಅಂತ ನಿಂತು ಹೊರತಂದರು. ಅಮೆರಿಕದ ಅತಿದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್‌ಗೆ ಶಿಫಾರಸು ಹೋಯಿತು, ಕಳೆದುಹೋಯಿತು. ಮತ್ತೆ ಕಳಿಸಿ ಅಂದರು, ಮತ್ತೆ ಕಳೆದುಹೋಯಿತು. ಅವರು ಕಪ್ಪು ಅಧಿಕಾರಿ, ಆ ಕಾಲದಲ್ಲಿ ವಿಶೇಷ ಪಡೆಗಳಲ್ಲಿ ಅಂಥವರು ಅಪರೂಪ. ಒಂದು ಸಲ ಕಳೆದರೆ ಅಜಾಗರೂಕತೆ ಅನ್ನಬಹುದು. ಎರಡು ಸಲ? 2023ರಲ್ಲಿ ಪದಕ ಕೊರಳಿಗೆ ಬಿದ್ದಾಗ ಅವರಿಗೆ 80 ದಾಟಿತ್ತು.

ಕಾಗದ ಸುಮ್ನೆ ಸುಟ್ಟುಹೋಗುವುದೂ ಉಂಟು. 1973ರ ಜುಲೈನಲ್ಲಿ ಅಮೆರಿಕದ ಸೇಂಟ್ ಲೂಯಿಯ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಸೈನಿಕರ ಕಡತಗಳು ಹೋದವು. ಎರಡೂ ಮಹಾಯುದ್ಧಗಳಲ್ಲಿ ಇದ್ದವರ ಕಡತಗಳು ಅದರಲ್ಲೇ ಇದ್ದವು.

ಇಷ್ಟು ಹೊತ್ತು ಹೇಳಿದ್ದೆಲ್ಲ ದೊಡ್ಡ ಪದಕಗಳ ವಿಷಯ. ನನ್ನ ಹತ್ತಿರ ಬರುವವರು ಯಾರೂ ಅಂಥದ್ದನ್ನು ಕೇಳುವುದಿಲ್ಲ. ಅವರು ಕೇಳುವುದು ನಾನೂ ಅಲ್ಲಿದ್ದೆ ಅನ್ನುವುದಕ್ಕೆ ಒಂದು ಗುರುತು. 1971ರ ಯುದ್ಧಕ್ಕೆ ಪೂರ್ವದ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಆ ಸಮಯಕ್ಕೆ ಸೇವೆಯಲ್ಲಿದ್ದವರಿಗೆ ಸಂಗ್ರಾಮ ಮೆಡಲ್. ಒಬ್ಬ ಹಿರಿಯರ ಹತ್ತಿರ ಸಂಗ್ರಾಮ ಮೆಡಲ್ ಇದೆ, ಪಶ್ಚಿಮಿ ಸ್ಟಾರ್ ಇಲ್ಲ. ಅವರು ಡ್ರೈವರ್. ತಮ್ಮ ಯೂನಿಟ್ ಬಿಟ್ಟು ಬೇರೆ ಯೂನಿಟ್‌ಗೆ ಆಗ ಅಟ್ಯಾಚ್ ಆಗಿದ್ದರು, ರಾತ್ರಿ ಹೆಡ್‌ಲೈಟ್ ಆರಿಸಿಕೊಂಡು ಮದ್ದುಗುಂಡಿನ ಲಾರಿ ಮುಂದಕ್ಕೆ ಒಯ್ಯುವುದು ಕೆಲಸ, ವಾಪಸ್ ಬರುವಾಗ ಅದೇ ಲಾರಿಯಲ್ಲಿ ಗಾಯಾಳುಗಳು. ಯುದ್ಧ ಮುಗಿದು ಪಟ್ಟಿ ಮಾಡುವಾಗ ಮೂಲ ಯೂನಿಟ್‌ನವರು ಇವನು ನಮ್ಮ ಜೊತೆ ಇರಲಿಲ್ಲ ಅಂದರು. ಅಟ್ಯಾಚ್ ಆಗಿದ್ದ ಕಡೆಯವರು ಇವನು ನಮ್ಮವನಲ್ಲ ಅಂದರು. ಎರಡೂ ನಿಜವೇ. ಹೆಸರು ಮಾತ್ರ ಎರಡು ಪಟ್ಟಿಯಲ್ಲೂ ಇಲ್ಲ.

ಅವರ ಡಿಸ್ಚಾರ್ಜ್ ಬುಕ್ ತೆಗೆದು ನೋಡಿದೆ. ಪದಕಗಳ ಪುಟದಲ್ಲಿ ಒಂದು ಸಾಲು ಬರೆದು, ಉಳಿದ ಜಾಗಕ್ಕೆ ಗುಮಾಸ್ತ ಅಡ್ಡಗೆರೆ ಎಳೆದು ಬಿಟ್ಟಿದ್ದಾನೆ, ಶಾಯಿ ಪುಟದ ಹಿಂದಕ್ಕೂ ಇಳಿದಿದೆ. "ಪದಕ ಅಂಗಡೀಲೂ ಸಿಗುತ್ತೆ ಸರ್, ರಿಬ್ಬನ್ ಸಮೇತ," ಅಂದರು ಅವರು. "ನನಗೆ ಆ ಗೆರೆ ತೆಗೆಸಿಕೊಡಿ ಸಾಕು."

ಇವರು ಯಾಕೆ ಆಗಲೇ ಕೇಳಲಿಲ್ಲ? ಗೊತ್ತೇ ಇರಲಿಲ್ಲ, ಅಷ್ಟೇ. ಇವರು ಸೇನೆ ಬಿಟ್ಟು ಬೇರೆ ಕೆಲಸ ಹಿಡಿದರು, ಮಕ್ಕಳ ಓದು, ಮದುವೆ. ಎಷ್ಟೋ ವರ್ಷದ ಮೇಲೆ ಹಳೆಯ ಗೆಳೆಯರು ಸೇರಿದ ದಿನ, ಪಕ್ಕದಲ್ಲಿ ಕೂತಿದ್ದವರ ಎದೆಯ ಮೇಲೆ ಇದ್ದದ್ದು ತಮ್ಮ ಎದೆಯ ಮೇಲೆ ಇಲ್ಲ ಅಂತ ಕಂಡಿತು. ಬಹಳ ಅರ್ಜಿಗಳು ಹುಟ್ಟುವುದೇ ಇಂಥ ಪುನರ್ಮಿಲನದ ಮಾರನೇ ದಿನ. ಇದರ ಜೊತೆಗೆ ಆ ತಲೆಮಾರಿನವರಿಗೆ ಪದಕ ಕೇಳಿ ಪಡೆಯುವುದೇ ಒಂದು ಥರ ಅವಮಾನ. ಕೊಟ್ಟರೆ ತಗೋಬೇಕು, ಕೇಳಬಾರದು ಅಂತ. ಅದನ್ನು ಮೀರಿ ಕೇಳೋಕೆ ಬಂದಿದ್ದಾರೆ ಅಂದರೆ ಆಸೆಗೆ ಬಂದಿಲ್ಲ ಅಂತಲೇ ನಾನು ನಂಬುತ್ತೇನೆ.

ಕೆಲವು ಸಲ ಕಾಗದ ಸರಿ ಇರುತ್ತದೆ, ನಿಯಮವೇ ಬಾಗಿಲು ಹಾಕಿರುತ್ತದೆ. ಅಮೆರಿಕದ ಸೇನೆ 2005ರಲ್ಲಿ ಕಾಂಬ್ಯಾಟ್ ಆಕ್ಷನ್ ಬ್ಯಾಡ್ಜ್ ಅಂತ ತಂದಿತು. ಅದಕ್ಕೆ ಮೊದಲು ಶತ್ರುವಿನ ಗುಂಡಿಗೆ ಎದುರಾದ ಕಾಲಾಳು ಸೈನಿಕನಿಗೆ ಬ್ಯಾಡ್ಜ್ ಇತ್ತು, ವೈದ್ಯಕೀಯದವರಿಗೆ ಇತ್ತು, ಫಿರಂಗಿಯವರಿಗೆ, ಡ್ರೈವರ್‌ಗಳಿಗೆ ಇರಲಿಲ್ಲ. ಹೊಸದು ಒಳ್ಳೆಯದೇ. ಆದರೆ 2001ರ ಸೆಪ್ಟೆಂಬರ್ 18ರಿಂದ ಈಚೆಗೆ ಮಾತ್ರ ಅನ್ವಯ. ವಿಯೆಟ್ನಾಮಿನಲ್ಲಿ ಅದೇ ಥರ ಗುಂಡಿನ ಮಧ್ಯೆ ಲಾರಿ ಓಡಿಸಿದವನಿಗೆ ಇಲ್ಲ. ಬ್ರಿಟನ್ನಿನ ವಾಯುಪಡೆಯಲ್ಲಿ ಬಾಂಬ್ ಹಾಕುವ ವಿಭಾಗವಾದ ಬಾಂಬರ್ ಕಮಾಂಡಿನದ್ದು ಇನ್ನೂ ವಿಚಿತ್ರ. ಎರಡನೇ ಮಹಾಯುದ್ಧದಲ್ಲಿ ಅದರ ವಿಮಾನ ಸಿಬ್ಬಂದಿ ಸುಮಾರು 1,25,000 ಜನ, ಸತ್ತವರು 55,573. ಜರ್ಮನಿಯ ಊರುಗಳ ಮೇಲೆ ಹಾಕಿದ ಬಾಂಬಿನ ವಿಷಯ ಯುದ್ಧ ಮುಗಿದ ಮೇಲೆ ಎಲ್ಲರಿಗೂ ಮುಜುಗರ. ಅವರಿಗಂತಲೇ ಬೇರೆ ಪದಕ ಆಗಲಿಲ್ಲ. 2013ರಲ್ಲಿ ಕೊಟ್ಟದ್ದು ಹಳೆಯ ಪದಕದ ರಿಬ್ಬನ್ನಿಗೆ ಸಿಕ್ಕಿಸುವ ಒಂದು ಪುಟ್ಟ ಪಟ್ಟಿ.

ಹಾಗಂತ ಕೇಳಿದವರಿಗೆಲ್ಲ ಕೊಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಸುಳ್ಳು ಹೇಳುವವರು ಇದ್ದಾರೆ. ಮಾಡದ ಯುದ್ಧದ ಕಥೆ ಕಟ್ಟಿ ಓಡಾಡುವವರು ಎಲ್ಲ ದೇಶದಲ್ಲೂ ಇದ್ದಾರೆ, ಅಮೆರಿಕದಲ್ಲಿ ಇದಕ್ಕೆ 2006ರಲ್ಲಿ ಕಾನೂನೇ ಮಾಡಿದರು. ಸುಪ್ರೀಂ ಕೋರ್ಟ್ ಅದನ್ನು 2012ರಲ್ಲಿ ರದ್ದು ಮಾಡಿತು, ಮರುವರ್ಷ ಲಾಭಕ್ಕಾಗಿ ಸುಳ್ಳು ಹೇಳುವುದು ಮಾತ್ರ ಅಪರಾಧ ಅಂತ ಹೊಸದು ಬಂತು. ಪರೀಕ್ಷೆ ಬೇಕು, ಬಿಗಿಯಾಗಿಯೇ ಬೇಕು. ಸುಳ್ಳನನ್ನು ಹಿಡಿದುಕೊಡಿ ಅಂತ ಮೊದಲು ಕೇಳುವವರು ನಿಜವಾಗಿ ಹೋರಾಡಿದವರೇ. ನನ್ನ ತಕರಾರು ಇಷ್ಟೇ: ದಾಖಲೆ ಇಟ್ಟುಕೊಳ್ಳಬೇಕಾದವರು ಕಳೆದುಹಾಕಿ, ಆಮೇಲೆ ದಾಖಲೆ ತಾ ಅಂತ 80 ವರ್ಷದವರನ್ನು ಕೇಳುವುದು ಪರೀಕ್ಷೆ ಅಲ್ಲ.

ದುಡ್ಡಿಗಾಗಿ ಕೇಳ್ತಾರೆ ಅನ್ನುವವರಿಗೂ ಒಂದು ಮಾತು. ದೊಡ್ಡ ಶೌರ್ಯ ಪದಕಗಳಿಗೆ ಭತ್ಯೆ ಇದೆ, ನಿಜ. ಪಶ್ಚಿಮಿ ಸ್ಟಾರ್ ಥರದ ಪದಕಕ್ಕೆ ತಿಂಗಳಿಗೆ ಏನೂ ಬರುವುದಿಲ್ಲ. ಅರ್ಜಿ, ಜೆರಾಕ್ಸ್, ಸ್ಪೀಡ್ ಪೋಸ್ಟ್ ಅಂತ ಕೈಯಿಂದಲೇ ಹೋಗುತ್ತದೆ.

ಈಗ ನಿಮ್ಮ ಮನೆಯಲ್ಲೇ ಅಂಥ ಅಜ್ಜನೋ ಮಾವನೋ ಇದ್ದರೆ, ಪ್ರಶ್ನೆ ಬಿಟ್ಟು ಪೆನ್ನು ತಗೊಳ್ಳಿ. ಸೇನಾ ಸಂಖ್ಯೆ, ಮೂಲ ಯೂನಿಟ್, ಅಟ್ಯಾಚ್ ಆಗಿದ್ದರೆ ಆ ಯೂನಿಟ್, ತಿಂಗಳು, ಜಾಗ, ಕಂಪನಿ ಕಮಾಂಡರ್ ಹೆಸರು ಬರೆದುಕೊಳ್ಳಿ. ಆಗ ಮನೆಗೆ ಬರೆದ ಕಾಗದಗಳನ್ನು ಕವರ್ ಸಮೇತ ಇಟ್ಟುಕೊಳ್ಳಿ, ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆ ಅದರ ಮೇಲಿರುತ್ತದೆ. ಆಸ್ಪತ್ರೆಯ ಚೀಟಿ ಇದ್ದರೆ ಬಂಗಾರ. ಸೇನೆಯ ರೆಕಾರ್ಡ್ ಆಫೀಸಿಗೆ ಬರೆದು ಸೇವಾ ದಾಖಲೆಯ ಪ್ರತಿ ಕೇಳಿ, ಉತ್ತರ ಬರದಿದ್ದರೆ ಆರ್‌ಟಿಐ ಹಾಕಿ. ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗ ಮಾಡಬೇಕು ಅಂತ ರಕ್ಷಣಾ ಸಚಿವಾಲಯ 2021ರಲ್ಲಿ ನೀತಿ ಮಾಡಿದೆ, ಯೂನಿಟ್‌ನ ವಾರ್ ಡೈರಿ (ಯುದ್ಧದ ದಿನದಿನದ ದಾಖಲೆ) ಕೇಳುವಾಗ ಅದನ್ನು ಅರ್ಜಿಯಲ್ಲಿ ಬರೆಯಿರಿ. ಇದೆಲ್ಲಕ್ಕಿಂತ ಮೊದಲು, ಜೊತೆಯಲ್ಲಿದ್ದವರು ಯಾರಾದರೂ ಬದುಕಿದ್ದರೆ ಫೋನ್ ಮಾಡಿ ಹೋಗಿ, ಅವರು ನೋಡಿದ್ದನ್ನು ಅವರ ಮಾತಲ್ಲೇ ಬರೆಸಿ, ತಾರೀಖು ಹಾಕಿ ಸಹಿ ಮಾಡಿಸಿ. ದಾಖಲೆಯ ಪ್ರತಿ ಮುಂದಿನ ವರ್ಷವೂ ಸಿಗಬಹುದು, ಆ ಸಹಿ ಸಿಗುತ್ತದೆ ಅಂತ ಹೇಳೋಕಾಗಲ್ಲ.