ಏಪ್ರಿಲ್‌ನಲ್ಲಿ ಕಿತ್ತಳೆ ಚಿಗುರು: ಓರೆಗಾನ್‌ನ ಜಪಾನಿ ಮೇಪಲ್‌ಗಳು

ಅಕ್ಟೋಬರ್ ಬಂತೆಂದರೆ ಊರಿನಿಂದ ಮೆಸೇಜ್‌ಗಳು ಶುರುವಾಗುತ್ತವೆ. "ಅಲ್ಲಿ ಎಲೆ ಎಲ್ಲ ಬಣ್ಣ ತಿರುಗಿತಾ? ಫೋಟೋ ಕಳಿಸು." ಕಳಿಸುತ್ತೇನೆ. ಆದರೆ ನನ್ನನ್ನು ಕೇಳಿದರೆ ಫೋಟೋ ಕೇಳಬೇಕಾದ ತಿಂಗಳು ಏಪ್ರಿಲ್. ಜಪಾನಿ ಮೇಪಲ್‌ನ ಕೆಲವು ತಳಿಗಳು ಚಿಗುರುವುದೇ ಕಿತ್ತಳೆ ಬಣ್ಣದಲ್ಲಿ. ಅಕ್ಟೋಬರ್‌ನ ಬಣ್ಣ ಎಲೆ ಉದುರುವ ಮುಂಚೆ ಬರುವುದು. ಏಪ್ರಿಲ್‌ನ ಬಣ್ಣ ಎಲೆ ಹುಟ್ಟುವಾಗ ಬರುವುದು. ನನಗೆ ಈ ಎರಡನೆಯದರ ಮೇಲೇ ಪ್ರೀತಿ ಜಾಸ್ತಿ.

ನಾವಿರುವುದು ಓರೆಗಾನ್ ರಾಜ್ಯದ ಬೀವರ್‌ಟನ್‌ನಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕ. ಇಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ, ಹೆಚ್ಚುಕಡಿಮೆ ಬೆಂಗಳೂರಿನಷ್ಟೇ. ಕಾಲ ಮಾತ್ರ ಪೂರ್ತಿ ತಿರುಗುಮುರುಗು. ಅಕ್ಟೋಬರ್‌ನಿಂದ ಮೇ ತನಕ ಜಿಟಿಜಿಟಿ ಮಳೆ, ಜುಲೈ ಆಗಸ್ಟ್‌ನಲ್ಲಿ ನಾಲ್ಕು ಹನಿ ಬಿದ್ದರೆ ಹೆಚ್ಚು. ಚಳಿ ಇದೆ, ಆದರೆ ಬೇರು ಹೆಪ್ಪುಗಟ್ಟಿಸುವಂಥ ಚಳಿ ಅಪರೂಪ. ಜಪಾನಿ ಮೇಪಲ್‌ಗೆ ಈ ಹವೆ ಚೆನ್ನಾಗಿ ಒಗ್ಗಿದೆ. ಇಲ್ಲಿಂದ ದಕ್ಷಿಣಕ್ಕೆ ಚಾಚಿಕೊಂಡಿರುವ ವಿಲ್ಲಾಮೆಟ್ ಕಣಿವೆ ತುಂಬ ನರ್ಸರಿಗಳೇ. ಪೋರ್ಟ್‌ಲ್ಯಾಂಡ್‌ನ ಜಪಾನಿ ಉದ್ಯಾನವನ್ನು 1963ರಲ್ಲಿ ವಿನ್ಯಾಸ ಮಾಡಿದವರು ಟಕುಮಾ ಟೋನೋ. ಅಲ್ಲಿ ಒಂದು ಹಳೆಯ ಮೇಪಲ್ ಇದೆ, ನೂಲಿನಂಥ ಎಲೆಯದ್ದು. ಅಕ್ಟೋಬರ್‌ನಲ್ಲಿ ಅದರ ಕೆಳಗೆ ಕೂತು ಫೋಟೋ ತೆಗೆಯಲು ಜನ ಕ್ಯೂ ನಿಲ್ಲುತ್ತಾರೆ. ಏಪ್ರಿಲ್‌ನಲ್ಲಿ ಹೋಗಿ ನೋಡಿ, ಆರಾಮಾಗಿ ಓಡಾಡಬಹುದು.

ಈ ಮರ ಮೂಲತಃ ಜಪಾನ್, ಕೊರಿಯಾ ಕಡೆಯದ್ದು. ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ, ಸೋಸಿ ಬೀಳುವ ಬಿಸಿಲಿನಲ್ಲಿ ಬೆಳೆಯುವಂಥದ್ದು. ಏಸರ್ ಪಾಮೇಟಮ್ ಎಂಬ ಶಾಸ್ತ್ರೀಯ ಹೆಸರು ಕೊಟ್ಟವರು ಸ್ವೀಡನ್‌ನ ಕಾರ್ಲ್ ಪೀಟರ್ ಥುನ್‌ಬರ್ಗ್, 1784ರಲ್ಲಿ. ಹೆಸರಿರುವ ತಳಿಗಳು ಈಗ ಸಾವಿರಕ್ಕೂ ಹೆಚ್ಚು. ಅದರಲ್ಲಿ ಕಿತ್ತಳೆ ಬಣ್ಣದವು ಕೆಲವೇ ಕೆಲವು.

ಮೊದಲು ಎಚ್ಚರವಾಗುವುದು 'ಕಟ್ಸುರಾ'. ಮಾರ್ಚ್ ಕೊನೆಯಲ್ಲಿ, ಉಳಿದ ಮರಗಳೆಲ್ಲ ಬೋಳಾಗಿ ನಿಂತಿರುವಾಗಲೇ ಇದು ಚಿಗುರಿಬಿಡುತ್ತದೆ. ಎಲೆ ಪುಟ್ಟದು, ನಡುವೆ ತಿಳಿಹಳದಿ, ಅಂಚಿಗೆ ಕಿತ್ತಳೆ. ಬೇಗ ಏಳುವುದರಿಂದ ತಡವಾಗಿ ಬೀಳುವ, ಇಬ್ಬನಿ ಹೆಪ್ಪುಗಟ್ಟಿಸುವ ಚಳಿಗೆ ಸಿಕ್ಕಿಬೀಳುವುದೂ ಇದೇ. ಅಂಥ ರಾತ್ರಿ ಹಳೆಯ ಬೆಡ್‌ಶೀಟ್ ಹೊದಿಸಿದರೆ ಚಿಗುರು ಉಳಿಯುತ್ತದೆ. 'ಆರೆಂಜ್ ಡ್ರೀಮ್' ಇಟಲಿಯಿಂದ ಬಂದ ತಳಿ. ಇದರ ಚಿಗುರನ್ನು ಹತ್ತಿರದಿಂದ ನೋಡಬೇಕು. ಮೊಗ್ಗು ಒಡೆದ ಮೊದಲ ವಾರ ಎಲೆಗಳು ಮಡಿಸಿದ ಹಾಗೇ ಕೆಳಗೆ ಜೋತು ಬಿದ್ದಿರುತ್ತವೆ. ಬೆರಳಿಗೆ ರೇಷ್ಮೆಯಷ್ಟು ಮೆತ್ತಗೆ. ಬಿಚ್ಚಿಕೊಂಡಂತೆ ನಡುಭಾಗ ಹೊಂಬಣ್ಣ, ಅದರ ಸುತ್ತ ಕಿತ್ತಳೆ, ಹಲ್ಲುಹಲ್ಲಾದ ಅಂಚಿನಲ್ಲಿ ಒಂದು ಎಳೆ ಗುಲಾಬಿ. ಬೆಳಗಿನ ಬಿಸಿಲು ಎಲೆಯ ಹಿಂದಿನಿಂದ ಬಂದರೆ ಮರದ ಕೆಳಗಿನ ನೆಲಕ್ಕೂ ಆ ಬಣ್ಣ ಹತ್ತುತ್ತದೆ. ಜೂನ್ ಹೊತ್ತಿಗೆ ಎಲೆ ಹಳದಿ ಮಿಶ್ರಿತ ಹಸಿರಾಗುತ್ತದೆ. ಶರತ್ಕಾಲದಲ್ಲಿ ಮತ್ತೆ ಚಿನ್ನದ ಬಣ್ಣ. 'ಆರೆಂಜಿಯೋಲಾ' ಕೊಂಬೆ ಇಳಿಬಿಡುವ, ಸೀಳು ಎಲೆಯ ತಳಿ. ಬೇಸಿಗೆಯಲ್ಲೂ ಹೊಸ ಸುಳಿ ಬಂದಾಗಲೆಲ್ಲ ಹಳೆಯ ಎಲೆಗಳ ಮೇಲೆ ಕಿತ್ತಳೆ ಬಣ್ಣ ಮೂಡುತ್ತದೆ.

ಈ ಬಣ್ಣ ಎಲ್ಲಿಂದ ಬರುತ್ತದೆ? ಎಳೆ ಎಲೆಯಲ್ಲಿ ಹಸಿರು ವರ್ಣಕ, ಅಂದರೆ ಕ್ಲೋರೋಫಿಲ್, ಇನ್ನೂ ಪೂರ್ತಿ ತುಂಬಿರುವುದಿಲ್ಲ. ಹಾಗಾಗಿ ಹಳದಿಯ ಕೆರೋಟಿನಾಯ್ಡ್‌ಗಳು ಎದ್ದು ಕಾಣುತ್ತವೆ. ಅದರ ಮೇಲೆ ಕೆಂಪು ಆಂಥೋಸಯನಿನ್ ತೆಳ್ಳಗೆ ಹರಡಿದರೆ ಕಣ್ಣಿಗೆ ಕಿತ್ತಳೆ. ಕೆಂಪು ಜಾಸ್ತಿಯಾದರೆ ಮರ ಕೆಂಪು, ಇಲ್ಲದೇ ಹೋದರೆ ಹಳದಿ. ಈ ಎರಡರ ನಡುವಿನ ಸಣ್ಣ ಜಾಗದಲ್ಲಿ ಕಿತ್ತಳೆ ನಿಂತಿದೆ. ಅದಕ್ಕೇ ಅದು ಬಿಸಿಲು, ಗೊಬ್ಬರ, ನೀರು ಯಾವುದು ಹೆಚ್ಚುಕಮ್ಮಿಯಾದರೂ ಬೇಗ ಬದಲಾಗುತ್ತದೆ. ನಮ್ಮ ಕಡೆಯ ಮಾವಿನ ಚಿಗುರು ತಾಮ್ರದ ಬಣ್ಣದಲ್ಲಿ, ನಾಗಸಂಪಿಗೆಯದ್ದು ಕೆಂಪಗೆ ಬರುವುದಕ್ಕೂ ಇದೇ ಆಂಥೋಸಯನಿನ್ ಕಾರಣ. ಊರಲ್ಲಿ ಅದನ್ನೆಲ್ಲ ನೋಡಿಕೊಂಡೇ ಬೆಳೆದೆ. ಕಾರಣ ಹುಡುಕಿದ್ದು ಇಲ್ಲಿ ಬಂದ ಮೇಲೆ.

ಹಾಗಾಗಿ ಜಾಗದ ಆಯ್ಕೆಯೇ ಅರ್ಧ ಕೆಲಸ. ಪೂರ್ತಿ ನೆರಳಲ್ಲಿಟ್ಟರೆ ಕಿತ್ತಳೆ ಮೇಪಲ್ ಸುಮ್ನೆ ಹಸಿರು ಮರವಾಗುತ್ತದೆ. ಮಧ್ಯಾಹ್ನದ ಪಶ್ಚಿಮದ ಬಿಸಿಲಿಗಿಟ್ಟರೆ ಎಲೆಯ ಅಂಚು ಸುಟ್ಟು ಕಂದಾಗುತ್ತದೆ. ಬೆಳಗಿನಿಂದ ಹನ್ನೆರಡು, ಒಂದು ಗಂಟೆಯ ತನಕ ಬಿಸಿಲು, ಆಮೇಲೆ ನೆರಳು: ಇದು ಸರಿಯಾದ ಲೆಕ್ಕ. ಇಲ್ಲಿಯ ಜೇಡಿಮಣ್ಣು ಚಳಿಗಾಲವಿಡೀ ನೀರು ಹಿಡಿದು ನಿಲ್ಲುತ್ತದೆ. ಅದಕ್ಕೇ ಗುಂಡಿ ತೋಡಿ ಇಳಿಸುವ ಬದಲು ನೆಲಕ್ಕಿಂತ ಸ್ವಲ್ಪ ಎತ್ತರಕ್ಕೆ ದಿಬ್ಬ ಮಾಡಿ ನೆಡುತ್ತೇವೆ. ಬೇರು ಮೇಲ್ಮೇಲೆ ಹರಡುವಂಥದ್ದು, ಆದ್ದರಿಂದ ಮರದ ತೊಗಟೆಯ ಚೂರು ಹಾಸಿ ಮುಚ್ಚಬೇಕು. ಕಾಂಡಕ್ಕೆ ತಾಗಿಸಬಾರದು. ಸಾರಜನಕದ ಗೊಬ್ಬರ ಸುರಿದರೆ ಬೆಳವಣಿಗೆ ಜೋರು, ಬಣ್ಣ ಹಸಿರು.

2021ರ ಜೂನ್ 28ರಂದು ಪೋರ್ಟ್‌ಲ್ಯಾಂಡ್‌ನಲ್ಲಿ 46.7 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಬಳ್ಳಾರಿಯವರಿಗೂ ಅದು ಜಾಸ್ತಿಯೇ, ಅಲ್ವಾ? ನಮ್ಮ ಬೀದಿಯ ಮೇಪಲ್‌ಗಳು ಒಂದೇ ದಿನದಲ್ಲಿ ಕಾಗದದ ಹಾಗೆ ಗರಿಗರಿಯಾಗಿ ಒಣಗಿದವು. ಅಕ್ಕಪಕ್ಕದಲ್ಲಿ ಕೆಲವರು ಮರ ಸತ್ತಿತೆಂದು ಕಡಿಸಲು ಹೊರಟರು. ಕೊಂಬೆಯನ್ನು ಉಗುರಿನಿಂದ ಕೆರೆದು ನೋಡಿದರೆ ಒಳಗೆ ಹಸಿರು ಇತ್ತು. ತಪ್ಪದೆ ನೀರು ಕೊಟ್ಟು ಕಾದೆವು. ಕೆಲವು ವಾರ ಕಳೆದ ಮೇಲೆ ಅದೇ ಕೊಂಬೆಗಳಲ್ಲಿ ಎರಡನೇ ಚಿಗುರು ಒಡೆಯಿತು.

ಇನ್ನು ಗಿಡ ಮಾಡುವ ವಿಷಯ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. 'ಆರೆಂಜ್ ಡ್ರೀಮ್'ನ ಬೀಜ ಹಾಕಿದರೆ 'ಆರೆಂಜ್ ಡ್ರೀಮ್' ಬರುವುದಿಲ್ಲ. ಬಾದಾಮಿ ಮಾವು ತಿಂದು ವಾಟೆ ಹೂತರೆ ಬಾದಾಮಿಯೇ ಬರುತ್ತದೆಂಬ ಖಾತ್ರಿ ಇಲ್ಲವಲ್ಲ, ಹಾಗೆ. ಬೀಜದ ಸಸಿಗಳಲ್ಲಿ ಹೆಚ್ಚಿನವು ಹಸಿರು, ಒಂದಷ್ಟು ಕೆಂಪು, ಎಲ್ಲೋ ಒಂದೆರಡು ಮಾತ್ರ ಬೇರೇನೋ ಆಗಿರುತ್ತವೆ. ಹಾಗೆ ಸಿಕ್ಕ 'ಬೇರೇನೋ'ಗಳಿಂದಲೇ ಹೊಸ ತಳಿ ಹುಟ್ಟುವುದು. ಇದೇ ಓರೆಗಾನ್‌ನ ರೋಸ್‌ಬರ್ಗ್‌ನಲ್ಲಿದ್ದ ಮೇಪಲ್ ಬೆಳೆಗಾರ ಜೆ. ಡಿ. ವರ್ಟ್ರೀಸ್ ತಮ್ಮ ಸಸಿಗಳ ನಡುವೆ ಗುರುತಿಸಿ ಉಳಿಸಿದ್ದು 'ಆಟಮ್ ಮೂನ್'. ಇದು ಪಾಮೇಟಮ್‌ನ ದಾಯಾದಿ, ಏಸರ್ ಶಿರಾಸಾವಾನಮ್. ದುಂಡನೆಯ ಎಲೆ, ಬಿಸಿಲು ಬಿದ್ದ ಕಡೆ ಕಿತ್ತಳೆ, ನೆರಳಿನ ಕಡೆ ಹಳದಿಹಸಿರು. ಆ ಒಂದು ಸಸಿಯ ಕಡ್ಡಿಯನ್ನು ಯಾರೋ ಕತ್ತರಿಸಿ ಇನ್ನೊಂದು ಗಿಡಕ್ಕೆ ಕಟ್ಟಿದರು. ಅದರಿಂದ ಇನ್ನೊಬ್ಬರು. ಇವತ್ತು ಜಗತ್ತಿನಲ್ಲಿ ಎಲ್ಲೆಲ್ಲಿ 'ಆಟಮ್ ಮೂನ್' ಇದೆಯೋ ಅದೆಲ್ಲ ಆ ಒಂದೇ ಮರದ ಕೊಂಬೆ. ಕಸಿ ಕಟ್ಟುವ ಕೈಗಳು ನಿಂತರೆ ಆ ತಳಿಯೂ ಅಲ್ಲಿಗೇ ನಿಲ್ಲುತ್ತದೆ. ಇದು ತಲೆಗೆ ಹೊಕ್ಕ ದಿನದಿಂದ ಕಸಿ ಕಲಿಯಲೇಬೇಕು ಅನ್ನಿಸಿತು.

ಕಲಿಸಿದವರು ಇಲ್ಲಿಯ ಒಂದು ನರ್ಸರಿಯಲ್ಲಿ ಜೀವಮಾನ ಕಳೆದ ಹಿರಿಯರೊಬ್ಬರು. ಜನವರಿ ಕೊನೆ, ಫೆಬ್ರವರಿ ಇದಕ್ಕೆ ಕಾಲ. ಬೇರುಸಸಿಗೆ, ಅಂದರೆ ಕಡ್ಡಿಯನ್ನು ಕಟ್ಟಿಸಿಕೊಳ್ಳುವ ಬೇರಿರುವ ಗಿಡಕ್ಕೆ, ಹಸಿರು ಪಾಮೇಟಮ್‌ನ ಎರಡು ವರ್ಷದ ಗಿಡ, ಪೆನ್ಸಿಲ್ ದಪ್ಪದ್ದು. ಕೆಲವು ವಾರ ಮುಂಚೆ ಅದನ್ನು ಒಳಗೆ, ಸ್ವಲ್ಪ ಬೆಚ್ಚಗಿನ ಜಾಗಕ್ಕೆ ತರಬೇಕು. ಬೇರಿನ ತುದಿ ಬೆಳ್ಳಗೆ ಕಂಡರೆ ಗಿಡ ತಯಾರಿದೆ ಎಂದರ್ಥ. ನಮಗೆ ಬೇಕಾದ ತಳಿಯ ಕಸಿಕಡ್ಡಿ ಮಾತ್ರ ಇನ್ನೂ ನಿದ್ದೆಯಲ್ಲೇ ಇರಬೇಕು. ಬೇರುಸಸಿಯ ಪಕ್ಕದಲ್ಲಿ ಎರಡು ಮೂರು ಸೆಂಟಿಮೀಟರ್ ಉದ್ದದ ತೆಳು ಸೀಳು, ಕಡ್ಡಿಯ ಬುಡಕ್ಕೂ ಅಷ್ಟೇ ಉದ್ದದ ಓರೆ ಕೊಯ್ತ. ತೊಗಟೆಯ ಕೆಳಗಿನ ಹಸಿರು ಪದರ ಒಂದು ಬದಿಯಲ್ಲಾದರೂ ಸರಿಯಾಗಿ ಕೂಡಬೇಕು. ರಬ್ಬರ್ ಪಟ್ಟಿಯಿಂದ ಬಿಗಿದು, ಮೇಣ ಹಚ್ಚಿ, ತೇವ ಆರದಂತೆ ಪ್ಲಾಸ್ಟಿಕ್ ಮುಚ್ಚಿಡುವುದು. ಬೇರುಸಸಿಯ ತಲೆಯನ್ನು ಆಗಲೇ ಕತ್ತರಿಸುವುದಿಲ್ಲ. ಕಡ್ಡಿ ಚಿಗುರಿದ ಮೇಲೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ.

ಶ್ರೀನಿವಾಸಪುರದಲ್ಲಿ ನಮ್ಮ ಚಿಕ್ಕಪ್ಪ ಮಾವಿನ ಕಸಿ ಕಟ್ಟುತ್ತಾರೆ. ಅವರಿಗೆ ವಿಡಿಯೋ ಕಾಲ್‌ನಲ್ಲಿ ಇದನ್ನೆಲ್ಲ ತೋರಿಸಿದೆ. ಬೇರುಸಸಿಗೆ ಕಸಿಗೆ ಮುಂಚೆ ನೀರು ಕಡಿಮೆ ಮಾಡುತ್ತೇವೆ ಅಂದಾಗ ಅವರು ಒಪ್ಪಲಿಲ್ಲ.

"ಮಾವಿಗೆ ರಸ ಏರಿದಾಗಲೇ ಕಸಿ ಹಿಡಿಯೋದಮ್ಮ. ನೀನು ನೋಡಿದ್ರೆ ಒಣಗಿಸ್ತೀನಿ ಅಂತೀಯ."

"ಇದರಲ್ಲಿ ರಸ ಬೇರಿನಿಂದ ಒತ್ತಿಕೊಂಡು ಬರುತ್ತೆ ಚಿಕ್ಕಪ್ಪ. ಗಾಯದಲ್ಲಿ ನಿಂತುಬಿಟ್ರೆ ಕಡ್ಡಿ ತೇಲಿ ಕೊಳೆತು ಹೋಗುತ್ತೆ. ನೀವೇ ನೋಡಿ, ಕತ್ತರಿಸಿದ ಕಡೆ ಹೇಗೆ ಸೋರ್ತಿದೆ."

ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಹಂಗಾದ್ರೆ ಸರಿ ಬಿಡು. ಆದ್ರೆ ಚಾಕು ಇನ್ನೂ ಹರಿತ ಇರಬೇಕು. ಆ ಕೊಯ್ತ ಎರಡು ಸಲ ಎಳೆದಂಗಿದೆ, ಒಂದೇ ಎಳೆತ ಆಗಬೇಕು." ಇಲ್ಲಿಯ ಹಿರಿಯರೂ ನನಗೆ ಹೇಳುವುದು ಅದನ್ನೇ.

ಆಗಸ್ಟ್‌ನಲ್ಲೂ ಕಸಿ ಕಟ್ಟಬಹುದು. ಆಗ ಕಡ್ಡಿಯ ಎಲೆಗಳನ್ನು ಕತ್ತರಿಸಿ ತೊಟ್ಟು ಮಾತ್ರ ಉಳಿಸುತ್ತೇವೆ. ಎರಡು ಮೂರು ವಾರದ ನಂತರ ಆ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಾಗಿಸಬೇಕು. ಹಗುರಾಗಿ ಕಳಚಿ ಬಿದ್ದರೆ ಕಸಿ ಹಿಡಿದಿದೆ. ಒಣಗಿ ಕಪ್ಪಾಗಿ ಕಡ್ಡಿಗೇ ಅಂಟಿಕೊಂಡಿದ್ದರೆ ಇಲ್ಲ. ಜೀವ ಇರುವ ಕೊಂಬೆ ಮಾತ್ರ ತನ್ನ ಹಳೆ ತೊಟ್ಟನ್ನು ತಾನೇ ಕಳಚಿಕೊಳ್ಳುತ್ತದೆ. ಸಾಲಾಗಿಟ್ಟ ಕುಂಡಗಳ ಮುಂದೆ ಕೂತು ಒಂದೊಂದೇ ತೊಟ್ಟು ಮುಟ್ಟಿ ನೋಡುವ ಆ ಬೆಳಗು ನನಗೆ ವರ್ಷದ ದೊಡ್ಡ ದಿನ.

ಕಡ್ಡಿ ನೆಟ್ಟು ಬೇರು ಬರಿಸುವುದೂ ಸಾಧ್ಯ, ಜೂನ್‌ನ ಎಳೆ ಕಡ್ಡಿ ಮತ್ತು ಬೇರಿನ ಹಾರ್ಮೋನ್ ಬೇಕು. ಬೇರು ಬರುತ್ತದೆ, ಆದರೆ ಮೊದಲ ಚಳಿಗಾಲದಲ್ಲಿ ಎಷ್ಟೋ ಹೋಗಿಬಿಡುತ್ತವೆ. ಮರುವರ್ಷ ಚಿಗುರುವ ತನಕ ಅವನ್ನು ಕಿತ್ತು ಬೇರೆ ಕುಂಡಕ್ಕೆ ಹಾಕಬಾರದು. ಮನೆಯಲ್ಲಿ ಒಂದೆರಡು ಗಿಡ ಸಾಕು ಅನ್ನುವವರಿಗೆ ನಾನು ಹೇಳುವುದು ಗೂಟಿ. ದಾಳಿಂಬೆಗೆ, ಲಿಂಬೆಗೆ ಊರಲ್ಲಿ ಕಟ್ಟುವ ಅದೇ ಗೂಟಿ. ಮೊದಲ ಎಲೆ ಬಲಿತ ಮೇಲೆ, ಮೇ ಕೊನೆಗೆ, ಕೊಂಬೆಯ ದಪ್ಪದ ಒಂದೂವರೆ ಎರಡರಷ್ಟು ಅಗಲ ತೊಗಟೆ ಸುತ್ತ ತೆಗೆದು, ಒದ್ದೆ ಮಾಡಿ ಹಿಂಡಿದ ಪಾಚಿ ಸುತ್ತಿ ಪ್ಲಾಸ್ಟಿಕ್ ಕಟ್ಟುವುದು. ಬೇಸಿಗೆ ಮುಗಿಯುವಷ್ಟರಲ್ಲಿ ಪ್ಲಾಸ್ಟಿಕ್‌ನೊಳಗೆ ಬೇರು ಕಾಣಿಸುತ್ತದೆ.

ಕಡ್ಡಿ ಯಾರಿಂದ ತಗೊಂಡರೂ ಕತ್ತರಿಸಿದ ತುದಿಯನ್ನು ನೋಡಿ. ತೊಗಟೆಯ ಕೆಳಗೆ ಕಪ್ಪು ಅಥವಾ ಮಾಸಲು ಹಸಿರಿನ ಗೆರೆ ಇದ್ದರೆ ವರ್ಟಿಸಿಲಿಯಂ ಎಂಬ ಮಣ್ಣಿನ ಶಿಲೀಂಧ್ರದ ಅನುಮಾನ ಪಡಬೇಕು. ಅದಕ್ಕೆ ಔಷಧಿ ಇಲ್ಲ. ಅಂಥ ಮರದ ಕಡ್ಡಿ ಬೇಡವೇ ಬೇಡ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಹೊಸ ತಳಿಗಳಲ್ಲಿ ಕೆಲವಕ್ಕೆ ಪೇಟೆಂಟ್ ಇರುತ್ತದೆ. ಅಮೆರಿಕದಲ್ಲಿ ಅದರ ಅವಧಿ 20 ವರ್ಷ, ಅಷ್ಟರ ತನಕ ಅನುಮತಿ ಇಲ್ಲದೆ ಅವನ್ನು ಕಸಿ ಮಾಡುವಂತಿಲ್ಲ.

"ಬರುವಾಗ ಒಂದೆರಡು ಗಿಡ ತಾ" ಎಂದು ಅತ್ತಿಗೆ ಕೇಳುತ್ತಲೇ ಇರುತ್ತಾರೆ. ಆಮದು ಪರವಾನಗಿ, ಗಿಡದ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಭಾರತಕ್ಕೆ ಗಿಡ ತರುವಂತಿಲ್ಲ. ಅದೆಲ್ಲ ಮಾಡಿಸಿ ತಂದರೂ ಬೆಂಗಳೂರಿನಲ್ಲಿ ಈ ಮರ ಸೊರಗುತ್ತದೆ. ಇದಕ್ಕೆ ವಾರಗಟ್ಟಲೆ ಬಿಡದ ಚಳಿ ಬೇಕು, ಎಲೆ ಉದುರಿಸಿ ಪೂರ್ತಿ ಮಲಗಬೇಕು. ಮಡಿಕೇರಿಯ ಚಳಿಯೂ ಅಷ್ಟಕ್ಕೆ ಸಾಲದು. ಹಿಮಾಚಲ, ಉತ್ತರಾಖಂಡದ ಬೆಟ್ಟದ ಊರುಗಳಲ್ಲಿ ನೆಲೆಸಿರುವ ಕನ್ನಡದವರಿದ್ದರೆ ಪ್ರಯತ್ನ ಮಾಡಬಹುದು. ಅತ್ತಿಗೆಗೆ ನಾನು ಹೇಳುವುದು ಇಷ್ಟೇ: ಹಿತ್ತಲಲ್ಲಿ ಜಾಗ ಇದ್ದರೆ ನಾಗಸಂಪಿಗೆ ಹಾಕಿ. ಅದರ ಚಿಗುರಿಗೆ ಇಲ್ಲಿಯವರು ದುಡ್ಡು ಕೊಟ್ಟು ಬಂದು ನೋಡಿಯಾರು.

ನ್ಯೂಜೆರ್ಸಿ, ಟೊರಾಂಟೊ, ಇಂಗ್ಲೆಂಡ್, ಜರ್ಮನಿಯಲ್ಲಿ ಇರುವವರಿಗೆ ಮಾತ್ರ ನೆಪ ಇಲ್ಲ. ಬೇರುಸಸಿಗಾಗಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಶುರುವಿನಲ್ಲಿ ಮರದ ರೆಕ್ಕೆಬೀಜ ಹಸಿರಿನಿಂದ ಕಂದಿಗೆ ತಿರುಗುತ್ತಿರುವಾಗಲೇ ಬಿಡಿಸಿಕೊಳ್ಳಿ. ಪೂರ್ತಿ ಒಣಗಿ ಸಿಪ್ಪೆ ಗಟ್ಟಿಯಾದರೆ ಮೊಳಕೆಗೆ ಇನ್ನೊಂದು ವರ್ಷ ಕಾಯಬೇಕಾಗಬಹುದು. ರೆಕ್ಕೆ ಮುರಿದು ಒಂದು ದಿನ ಬೆಚ್ಚಗಿನ ನೀರಿನಲ್ಲಿ ನೆನೆಸಿ. ತೇವದ ತೆಂಗಿನ ನಾರಿನ ಪುಡಿಯಲ್ಲಿ ಬೆರೆಸಿ ಜಿಪ್ ಚೀಲಕ್ಕೆ ಹಾಕಿ ಫ್ರಿಜ್‌ನಲ್ಲಿಡಿ, 4 ಡಿಗ್ರಿ ಸೆಲ್ಸಿಯಸ್ ಹತ್ತಿರ, ಮೂರರಿಂದ ನಾಲ್ಕು ತಿಂಗಳು. ಚೀಲದ ಮೇಲೆ ತಾರೀಖು ಬರೆಯಿರಿ, ಮನೆಯವರಿಗೂ ಹೇಳಿಡಿ, ಇಲ್ಲದಿದ್ದರೆ ಅಡುಗೆಮನೆ ಕ್ಲೀನ್ ಮಾಡುವವರು ಎಸೆದುಬಿಡುತ್ತಾರೆ. ಫೆಬ್ರವರಿಯಲ್ಲಿ ಬಿಳಿ ಮೊಳಕೆ ಕಾಣಿಸಿದವನ್ನು ಮೊದಲು ತೆಗೆದು ಕುಂಡಕ್ಕೆ ಹಾಕಿ. ಎರಡು ವರ್ಷಕ್ಕೆ ಅವೇ ನಿಮ್ಮ ಬೇರುಸಸಿಗಳು. ಅಷ್ಟರೊಳಗೆ ಒಳ್ಳೆಯ ಕಿತ್ತಳೆ ಮೇಪಲ್ ಇರುವ ಪಕ್ಕದ ಮನೆಯವರ ಸ್ನೇಹ ಮಾಡಿಕೊಂಡಿರಿ, ಕಸಿಕಡ್ಡಿ ಅಲ್ಲಿಂದಲೇ ಸಿಗಬೇಕು.