ಹನ್ನೊಂದು

"ಮುಟ್ಟು ನಿಂತು ಎಷ್ಟು ವರ್ಷ ಆಯ್ತಮ್ಮ?"

ಡಾಕ್ಟ್ರು ಕೇಳಿದ್ದು ಅತ್ತಿಗೆಯನ್ನು. ಉತ್ತರ ಬಂದದ್ದು ಅಣ್ಣನ ಬಾಯಿಂದ. "ಒಂದು ನಾಲ್ಕೈದು ವರ್ಷ ಆಗಿರಬಹುದು ಡಾಕ್ಟ್ರೇ."

ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಮೇಜಿನ ಮೇಲಿದ್ದ ಬಿ.ಪಿ. ಮೆಷಿನನ್ನೇ ನೋಡುತ್ತಾ ಹೇಳಿದರು: "ಹನ್ನೊಂದು."

ಸೋಮವಾರದಿಂದ ಅದೇ ಕಿವಿಯಲ್ಲಿದೆ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ 11 ಬರೆದರೂ ಅತ್ತಿಗೆಯ ಬೆರಳು ಕಾಣುತ್ತದೆ.

ಪೆರ್ಲದಿಂದ ಮಂಗಳೂರಿನವರೆಗೆ ಕಾರಿನಲ್ಲಿ ಅಣ್ಣನದ್ದೇ ಭಾಷಣ. ಮುಟ್ಟು ನಿಂತವರ ಸೆಕೆಗೆ ಕೊಡುವ ಹಾರ್ಮೋನ್ ಮಾತ್ರೆ ಹಾರ್ಟಿಗೆ ಕೆಟ್ಟದು, ಡಾಕ್ಟ್ರು ಕೊಟ್ಟರೂ ಬೇಡ ಎನ್ನಬೇಕು, ಅಷ್ಟೆ. ಇತ್ತ ಬೆಂಗಳೂರಿನ ನಾದಿನಿ ಫೋನಿನಲ್ಲಿ, ಹಾರ್ಮೋನ್ ತೆಗೊಂಡ್ರೆ ಹಾರ್ಟಿಗೂ ಒಳ್ಳೆಯದು ಎಂದು ಹೇಳಿಯಾಗಿತ್ತು. ಅತ್ತಿಗೆಗೆ ಏನು ಆಗುತ್ತಿದೆ ಎಂದು ಇಬ್ಬರೂ ಕೇಳಿದವರಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದರೋ. ನಮ್ಮ ಕಡೆ 'ಸೆಕೆ ಆಗ್ತದೆ' ಎಂದರೆ ಯಾರು ತಿರುಗಿ ನೋಡುತ್ತಾರೆ? ಇಡೀ ಕಾಸರಗೋಡಿಗೇ ಸೆಕೆ. ಆದರೆ ಡಿಸೆಂಬರಿನ ನಸುಕಿನಲ್ಲಿ, ಉಳಿದವರು ಹೊದ್ದು ಮಲಗಿರುವಾಗ, ಒಬ್ಬರೇ ಜಗಲಿಯಲ್ಲಿ ಕೂತು ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುವುದು ಊರಿನ ಸೆಕೆಯಲ್ಲ. ಪುನರ್ಪುಳಿ ಶರಬತ್ತು, ಎಳ್ಳಿನ ಜ್ಯೂಸು ಎಲ್ಲ ಆಗಿತ್ತು. ಈಚೆಗೆ ತೋಟದಿಂದ ಮೆಟ್ಟಿಲು ಹತ್ತಿ ಬರುವಾಗ ಏದುಸಿರು. ಅದನ್ನೂ 'ಅದೇ' ಎಂಬ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದರು.

ಹನ್ನೊಂದು ಎಂದದ್ದೇ ಡಾಕ್ಟ್ರು ಪೆನ್ನು ಕೆಳಗಿಟ್ಟರು. ವಯಸ್ಸು 61, ಬಿ.ಪಿ., ಸ್ವಲ್ಪ ಸಕ್ಕರೆ. ಚೀಟಿಯ ಹಿಂಬದಿಯಲ್ಲಿ ಒಂದು ಗೆರೆ ಎಳೆದು, ಹತ್ತು ವರ್ಷದ ಜಾಗದಲ್ಲಿ ಅಡ್ಡಗೀಟು ಹಾಕಿದರು. ಅರುವತ್ತರ ಒಳಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದ ಒಳಗೆ ಶುರು ಮಾಡಿದರೆ, ಬೇರೆ ತೊಂದರೆ ಇಲ್ಲದವರಿಗೆ ಸಾಮಾನ್ಯವಾಗಿ ಲಾಭವೇ ಹೆಚ್ಚು. ಆಮೇಲೆ ರಕ್ತನಾಳಗಳು ಗಡುಸಾಗಿರುತ್ತವೆ, ಆಗ ಶುರು ಮಾಡಿದರೆ ಹಾರ್ಟಿಗೂ ಮಿದುಳಿಗೂ ಅಪಾಯ ಹೆಚ್ಚು. "ಹಾರ್ಟ್ ಕಾಯ್ಲಿಕ್ಕೆ ಅಂತ ಯಾರಿಗೂ ಇದನ್ನು ಕೊಡುವುದಿಲ್ಲ. ಸೆಕೆಗೆ, ಬೆವರಿಗೆ ಕೊಡುವುದು. ನಿಮಗೆ ಅದಕ್ಕೆ ಹಾರ್ಮೋನ್ ಅಲ್ಲದ ಮಾತ್ರೆ ಉಂಟು. ಮೊದಲು ಈ ಏದುಸಿರು ಎಂತದು ನೋಡುವ."

ಅಣ್ಣನ ಮುಖದಲ್ಲಿ ಗೆದ್ದ ಕಳೆ. ನನಗೆ ಮೈ ಉರಿಯಿತು.

ಅವನ ಹೆದರಿಕೆಯ ಬೇರು 2002ರದ್ದು. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ದೊಡ್ಡ ಪರೀಕ್ಷೆಯನ್ನು ಆ ವರ್ಷ ನಡುವೆಯೇ ನಿಲ್ಲಿಸಿದರು. ವರ್ಷಕ್ಕೆ 10,000 ಮಂದಿಯಲ್ಲಿ, ಮದ್ದಿಲ್ಲದ ಸುಳ್ಳು ಮಾತ್ರೆ ತಿಂದವರ ಪೈಕಿ 30 ಮಂದಿಗೆ ಹೃದಯದ ತೊಂದರೆಯಾದರೆ, ಎರಡು ಹಾರ್ಮೋನ್ ಸೇರಿದ ಮಾತ್ರೆ ತಿಂದವರಲ್ಲಿ 37. ಸ್ತನ ಕ್ಯಾನ್ಸರೂ ಸ್ವಲ್ಪ ಹೆಚ್ಚು. ಲೋಕವೆಲ್ಲ ಬೆಚ್ಚಿಬಿತ್ತು. ಆ ಹೆಂಗಸರ ಸರಾಸರಿ ವಯಸ್ಸು 63 ಎಂಬುದು ಮಾತ್ರ ಸುದ್ದಿಯ ಜೊತೆ ಊರೂರಿಗೆ ಬರಲಿಲ್ಲ. ಮೂವತ್ತು ವರ್ಷ ಗಣಿತ ಕಲಿಸಿದವಳು ನಾನು, ಸರಾಸರಿ ಬಿಟ್ಟು ಉತ್ತರ ಹೇಳುವ ಮಕ್ಕಳಿಗೆ ಮಾರ್ಕು ಕೊಡುವುದಿಲ್ಲ.

ಈಸಿಜಿ, ಎಕೋ ಎಂದು ಮಧ್ಯಾಹ್ನವಾಯಿತು. ಕೆಟ್ಟ ಕೊಲೆಸ್ಟರಾಲ್ ಏರಿದೆ, ಅದಕ್ಕೆ ಮಾತ್ರೆ ಶುರು. ಮುಂದಿನ ವಾರ ಟಿಎಂಟಿ, ಮೆಷಿನಿನ ಮೇಲೆ ನಡೆಸಿ ಹಾರ್ಟ್ ನೋಡುವ ಪರೀಕ್ಷೆ. ಎದ್ದು ಹೊರಡುವಾಗ ಡಾಕ್ಟ್ರು ನನ್ನನ್ನು ನೋಡಿದರು. ನಾನು ಚೀಟಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದೆ. "ನಿಮಗೆ ಎಷ್ಟು ಸಮಯ ಆಯ್ತು?" ವಯಸ್ಸು 53, ನಿಂತು ಎರಡು ವರ್ಷ. "ನಿಮಗಾದರೆ ಯೋಚಿಸಬಹುದು. ಒಮ್ಮೆ ಬನ್ನಿ, ಪರೀಕ್ಷೆ ಮಾಡುವ." ನಾನೂ ರಾತ್ರಿ ಎದ್ದು ಕೂರುತ್ತೇನೆಂದು ನಾನೂ ಯಾರಿಗೂ ಹೇಳಿರಲಿಲ್ಲವಲ್ಲ.

ಕ್ಯಾಂಟೀನಿನಲ್ಲಿ, ಅಣ್ಣ ಬಿಲ್ ಕಟ್ಟಲು ಹೋದಾಗ ಕೇಳಿದೆ, "ಅತ್ತಿಗೆ, ಹನ್ನೊಂದು ಅಂತ ಅಷ್ಟು ಸರಿಯಾಗಿ ಹೇಗೆ ನೆನಪು?"

"ಮನೆಯೊಕ್ಕಲಿನ ವರ್ಷ ಅಲ್ವಾ? ಹೋಮದ ದಿನ ಹೊರಗೆ ಕೂರುವ ಹಾಗೆ ಆಗ್ಬಾರದು ಅಂತ ನಿನ್ನ ಅಣ್ಣನೇ ಮೆಡಿಕಲ್‌ನಿಂದ ಮಾತ್ರೆ ತಂದುಕೊಟ್ಟದ್ದು. ಮಾತ್ರೆ ಬಿಟ್ಟ ಮೇಲೂ ಆಗಲೇ ಇಲ್ಲ. ಆಮೇಲೆ ಆಗಲೇ ಇಲ್ಲ."

ದಿನ ಮುಂದೆ ಹಾಕುವ ಮಾತ್ರೆ. ನಮ್ಮಲ್ಲಿ ಯಾರು ನುಂಗಿಲ್ಲ? ಮದುವೆಗೆ, ತಂಬಿಲಕ್ಕೆ, ಕೋಲಕ್ಕೆ, ಪೂಜೆಗೆ. ಅದೂ ಹಾರ್ಮೋನೇ. ಡಾಕ್ಟ್ರ ಚೀಟಿ ಇಲ್ಲದೆ, ಬಿ.ಪಿ. ನೋಡದೆ ನುಂಗಿದ್ದೇವೆ. ಆಗ ಯಾವ ಗಂಡಸಿಗೂ ನಮ್ಮ ಹಾರ್ಟಿನ ನೆನಪಾದದ್ದು ನಾನು ಕಾಣೆ. ಮನೆಗೆ ಹನ್ನೊಂದು ವರ್ಷ, ಲೋನ್ ತೀರಲು ಇನ್ನು ನಾಲ್ಕು ಎಂದು ಅಣ್ಣನಿಗೆ ಬಾಯಿಪಾಠ. ಅವನು ಕೆಟ್ಟವನಲ್ಲ, ರಜೆ ಹಾಕಿ ಕರೆತಂದವನು. ಆ ಲೆಕ್ಕದ ಪಕ್ಕದಲ್ಲೇ ಇನ್ನೊಂದು ಲೆಕ್ಕ ಇತ್ತು, ನೋಡಲಿಲ್ಲ.

ನಿನ್ನೆ ಅತ್ತಿಗೆ ಫೋನು ಮಾಡಿದ್ದರು. ಸೂಜಿ-ನೂಲಿನ ಡಬ್ಬಿಯಲ್ಲಿ ಆ ಸ್ಟ್ರಿಪ್ ಸಿಕ್ಕಿತಂತೆ, ಒಳಗೆ ಇನ್ನೂ ನಾಲ್ಕು ಮಾತ್ರೆ. "ಬಿಸಾಡ್ಲಾ?"

"ಬಿಸಾಡಿ. ಮೊದಲು ಅಣ್ಣನಿಗೆ ತೋರಿಸಿ."

"ತೋರಿಸಿದೆ ಮಾರಾಯ್ತಿ. ಇದೆಂತದರ ಮಾತ್ರೆ ಅಂತ ಕೇಳಿದ್ರು."