ಪಶುಪತಿನಾಥನ ದರ್ಶನ ಆಯ್ತಾ ಮೇಷ್ಟ್ರೇ?

ಇಲ್ಲ. ಆಗಲಿಲ್ಲ.

ನಮ್ಮ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳನ್ನು ಸೌಹಾರ್ದ ಭೇಟಿಗೆ ಅಂತ ನೇಪಾಳಕ್ಕೆ ಕರೆದುಕೊಂಡು ಹೋಗಿ ಬಂದಾಗಿನಿಂದ ಚಿಕ್ಕಮಗಳೂರಿನಲ್ಲಿ ಸಿಕ್ಕವರೆಲ್ಲ ಕೇಳುವುದು ಇದೊಂದನ್ನೇ. ಹಾಲಿನ ಬೂತಿನಲ್ಲಿ ಕೇಳುತ್ತಾರೆ, ಬ್ಯಾಂಕಿನ ಕ್ಯೂನಲ್ಲಿ ಕೇಳುತ್ತಾರೆ, ಎಂ.ಜಿ. ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ಕೇಳುತ್ತಾರೆ. ಇಲ್ಲ ಅಂದ ಕೂಡಲೇ ಅವರಿಗೇ ಏನೋ ನಷ್ಟ ಆದ ಹಾಗೆ ಮುಖ ಮಾಡುತ್ತಾರೆ. ಆಮೇಲೆ ಎರಡನೇ ಪ್ರಶ್ನೆ: "ಮತ್ತೆ ಅಷ್ಟು ದೂರ ಹೋಗಿದ್ದಾದ್ರೂ ಯಾಕೆ?" ಹೇಳಿ ಹೇಳಿ ಬಾಯಿ ನೋಯುತ್ತಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಲಿ.

ನಾವು ಹೋದದ್ದು ಭೈರಹವಾ ಎಂಬ ಊರಿಗೆ. ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲು, ಅಲ್ಲಿಂದ ಸೋನೌಲಿಗೆ ಬಸ್ಸು, ಆಮೇಲೆ ಬ್ಯಾಗು ಹೊತ್ತು ನಡೆದೇ ಗಡಿ ದಾಟಿದೆವು. ಪಶುಪತಿನಾಥ ಇರುವ ಕಾಠ್ಮಂಡು ಅಲ್ಲಿಂದ 250 ಕಿಲೋಮೀಟರಿಗೂ ಜಾಸ್ತಿ, ಅದೂ ಘಾಟಿ ರಸ್ತೆ. ಚಾರ್ಮಾಡಿ ಇಳಿಯುವಾಗಲೇ ಕವರ್ ಕೇಳುವ ಮಕ್ಕಳು ನಮ್ಮವು. ನೀವು ಜೊತೆಗೆ ಬರ್ತೀರಾದರೆ ಹೇಳಿ, ಮುಂದಿನ ಸಲ ಯೋಚನೆ ಮಾಡೋಣ.

ಒಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಅಲ್ಲಿನ ಭಟ್ಟರು ನಮ್ಮ ಕಡೆಯವರೇ ಅಲ್ವಾ ಮೇಷ್ಟ್ರೇ, ಕನ್ನಡದಲ್ಲಿ ಮಾತಾಡಿದ್ರೆ ಸೀದಾ ಒಳಗೆ ಬಿಡ್ತಿದ್ರು." ಪಶುಪತಿನಾಥದಲ್ಲಿ ದಕ್ಷಿಣದ ಭಟ್ಟರು ಪೂಜೆ ಮಾಡುವುದು, ಅವರಲ್ಲಿ ನಮ್ಮ ಕರ್ನಾಟಕದವರು ಇರುವುದು ನಿಜ. ಆದರೆ ದೇವಸ್ಥಾನದ ಬಾಗಿಲಲ್ಲಿ ವಶೀಲಿ ಹಚ್ಚುವುದನ್ನು ಕಲಿಸಲು ಸ್ಕೌಟ್ ಮಾಸ್ಟರ್ ಬೇಕಾ? ಅದನ್ನು ಮಕ್ಕಳು ಮನೆಯಲ್ಲೇ ಚೆನ್ನಾಗಿ ಕಲಿತಿರುತ್ತಾರೆ.

ಇನ್ನು ಹಿಮಾಲಯ. ಅದೂ ಕಾಣಲಿಲ್ಲ. ಭೈರಹವಾ ಇರುವುದು ತರಾಯಿ ಅನ್ನುವ ಗಡಿಯಂಚಿನ ತಗ್ಗು ಸೀಮೆಯಲ್ಲಿ, ಕಣ್ಣು ಹಾಯಿಸಿದಷ್ಟೂ ಬಯಲು, ಗದ್ದೆ. ಮುಳ್ಳಯ್ಯನಗಿರಿಯ ಬುಡದಲ್ಲಿ ಬೆಳೆದ ಮಕ್ಕಳು ಸುತ್ತ ತಿರುಗಿ ನೋಡಿ "ಸಾರ್, ಗುಡ್ಡ ಎಲ್ಲಿ?" ಅಂದರು. ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ, ಭೈರಹವಾ ನೂರರ ಆಸುಪಾಸು. ನೇಪಾಳಕ್ಕೆ ಹೋಗಲು ನಾವು ಬೆಟ್ಟ ಇಳಿಯಬೇಕಾಯಿತು. ಈ ವಿಷಯ ಕೇಳಿ ನಮ್ಮ ಪೋಷಕರೊಬ್ಬರು ದುಡ್ಡು ವಾಪಸ್ ಕೇಳುವವರಂತೆ ನನ್ನನ್ನು ನೋಡಿದರು.

ಪಾಸ್‌ಪೋರ್ಟ್ ಬಗ್ಗೆ ಕೇಳುವವರಿಗೆ: ಭಾರತದವರು ನೇಪಾಳಕ್ಕೆ ಹೋಗಲು ವೀಸಾ ಬೇಡ. 15ರಿಂದ 18 ವರ್ಷದ ಮಕ್ಕಳಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪತ್ರ ನಡೆಯುತ್ತದೆ. ನಾವು ಹೋದಾಗ 100 ರೂಪಾಯಿಗಿಂತ ದೊಡ್ಡ ನೋಟನ್ನು ಅಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ. ನೂರರ ಕಟ್ಟುಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದೆ. ನಮ್ಮ 100ಕ್ಕೆ ಅಲ್ಲಿನ 160 ಬರುತ್ತದೆ ಅಂತ ಗೊತ್ತಾದ ಮೇಲೆ ಮಕ್ಕಳ ನಡಿಗೆಯೇ ಬದಲಾಯಿತು.

ಹಾಗಾದರೆ ಹೋಗಿ ಮಾಡಿದ್ದೇನು?

ಅಲ್ಲಿನ ಗಡಿಯಾರ ನಮಗಿಂತ 15 ನಿಮಿಷ ಮುಂದೆ. ಸೋನೌಲಿಯಲ್ಲೇ ಎಲ್ಲರಿಗೂ ಹೇಳಿದ್ದೆ, ಕೇಳಿದವರು ಕೇಳಿದರು. ಒಂದು ಪೇಟ್ರೋಲ್‌ನ, ಅಂದರೆ ಸ್ಕೌಟುಗಳ ಚಿಕ್ಕ ತಂಡದ, ಲೀಡರ್ ಮಾತ್ರ ವಾಚು ತಿರುಗಿಸಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಧ್ವಜಾರೋಹಣ. ಆ ಪೇಟ್ರೋಲ್ ಸ್ಕಾರ್ಫ್ ಸರಿಮಾಡಿಕೊಂಡು, ಗತ್ತಿನಿಂದ, ತನ್ನ ಲೆಕ್ಕದಲ್ಲಿ ಸರಿಯಾಗಿ ಆರಕ್ಕೆ ಬಂತು. ಅಲ್ಲಿ ಆರೂಕಾಲು. ಅಲ್ಲಿನ ಮಕ್ಕಳು ಬಾವುಟ ಏರಿಸದೆ, ಒಬ್ಬರೂ ಅಲುಗಾಡದೆ ಕಾಯುತ್ತಿದ್ದರು. ಯಾರೂ ಬೈಯಲಿಲ್ಲ. ಅಲ್ಲಿನ ಮೇಷ್ಟ್ರು ನಮ್ಮ ಹುಡುಗನಿಗೆ ಎಡಗೈ ಚಾಚಿದರು. ಸ್ಕೌಟುಗಳು ಕೈಕುಲುಕುವುದು ಎಡಗೈಯಲ್ಲೇ. ಹುಡುಗ ಕೈಕುಲುಕಿ ಸಾಲಿಗೆ ಸೇರಿಕೊಂಡ. ಮರುದಿನ ಅವನ ಪೇಟ್ರೋಲ್ ಐದೂವರೆಗೇ ಬಂದು ಮಂಜಿನಲ್ಲಿ ನಡುಗುತ್ತಾ ಕೂತಿತ್ತು. ಹೋಂವರ್ಕ್ ತರದಿದ್ದಕ್ಕೆ ಅದೇ ಹುಡುಗನಿಗೆ ನಾನು ವರ್ಷಗಟ್ಟಲೆ ಬೈದಿದ್ದೇನೆ. ಏನೂ ಉಪಯೋಗ ಆಗಿರಲಿಲ್ಲ.

ಮಕ್ಕಳು ಉಳಿದದ್ದು ಅಲ್ಲಿನ ಸ್ಕೌಟುಗಳ ಮನೆಗಳಲ್ಲಿ, ಇಬ್ಬಿಬ್ಬರಂತೆ. ಬೆಳಿಗ್ಗೆ ಬರೀ ಟೀ. ಹತ್ತು ಗಂಟೆಗೆ ಅನ್ನ, ಬೇಳೆ, ಪಲ್ಯ. ತಿಂಡಿ ಅಂದರೆ ಅಕ್ಕಿ ರೊಟ್ಟಿ, ಕಡುಬು ಅಂತ ಬೆಳೆದವರಿಗೆ ಆ ಹತ್ತು ಗಂಟೆ ಬಲು ದೂರ ಕಂಡಿತು. ನಾವು ಹೋದಾಗ ಅಲ್ಲಿ ವಾರದ ರಜೆ ಶನಿವಾರ ಇತ್ತು, ಹಾಗಾಗಿ ಭಾನುವಾರ ತರಗತಿಯಲ್ಲಿ ಕೂರಬೇಕಾಯಿತು. ಇದನ್ನು ಅನ್ಯಾಯ ಅಂತಲೇ ಭಾವಿಸಿದರು. ಒಂದು ಸಂಜೆ ನಮ್ಮ ಗೈಡ್ಸ್ ಹುಡುಗಿಯರು ಊರಿನಿಂದ ಹೊತ್ತು ತಂದ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ ಎಲ್ಲರಿಗೂ ಕಾಫಿ ಕೊಟ್ಟರು. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದ ಕಥೆಯನ್ನೂ ಹೇಳಿದರು. ಕಥೆ ಎಲ್ಲರಿಗೂ ಹಿಡಿಸಿತು. ಕಾಫಿಯನ್ನು ಮಾತ್ರ ಸಕ್ಕರೆ ಸುರಿದು ಸುರಿದು ಕುಡಿದರು, ಪಾಪ.

ದರ್ಶನ ಬೇಕು ಅನ್ನುವವರಿಗೆ ಒಂದು ಕೊಡುತ್ತೇನೆ. ಭೈರಹವಾದ ಹತ್ತಿರವೇ ಲುಂಬಿನಿ. ಬುದ್ಧ ಹುಟ್ಟಿದ್ದು ಇಲ್ಲಿ ಅಂತ ಅಶೋಕ ಬರೆಸಿದ ಕಂಬ ಅಲ್ಲಿದೆ. ಆ ಊರಿನ ಕಂದಾಯವನ್ನು ಎಂಟನೇ ಒಂದು ಭಾಗಕ್ಕೆ ಇಳಿಸಿದ್ದನ್ನೂ ಅದರಲ್ಲೇ ಬರೆಸಿದ್ದಾನೆ. ಅದೇ ಅಶೋಕನ ಶಾಸನಗಳು ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರದ ಬಂಡೆಗಳ ಮೇಲೆ ಇವೆ. ಲಿಪಿಯೂ ಅದೇ ಬ್ರಾಹ್ಮಿ. ಇದನ್ನು ಹೇಳಿದಾಗ ಒಬ್ಬ ಹುಡುಗಿ, "ಹಾಗಾದ್ರೆ ಅದನ್ನ ನಾವು ಮೊದಲೇ ನೋಡಬಹುದಿತ್ತಲ್ಲ ಸಾರ್, ಬಸ್ಸಲ್ಲೇ ಹೋಗಿ" ಅಂದಳು. ಸೌಹಾರ್ದಕ್ಕೆ ಇದು ಅಷ್ಟು ಒಳ್ಳೆಯ ಮಾತಲ್ಲ, ಆದರೆ ಸರಿಯಾದ ಮಾತು.

ನನಗೆ ಸಿಟ್ಟು ಬರಿಸುವುದು ಪಶುಪತಿನಾಥ ಅಲ್ಲ. ಇಷ್ಟು ಜನ ಕೇಳಿದರಲ್ಲ, ಒಬ್ಬರಾದರೂ "ಆ ಮಕ್ಕಳು ನಮ್ಮೂರಿಗೆ ಯಾವಾಗ ಬರ್ತಾರೆ?" ಅಂತ ಕೇಳಲಿಲ್ಲ. ಸೌಹಾರ್ದ ಭೇಟಿ ಅಂದರೆ ಅವರೂ ಬರಬೇಕಲ್ಲ? ನಮ್ಮ ಮಕ್ಕಳಿಗೆ ಅವರ ಅಮ್ಮಂದಿರು ತಮ್ಮ ಮಂಚ ಬಿಟ್ಟುಕೊಟ್ಟು ನೆಲದ ಮೇಲೆ ಮಲಗಿದರು. ನಮ್ಮಲ್ಲಿ ಯಾರ ಮನೆಯಲ್ಲಿ ಮಲಗಿಸೋಣ?

ಒಂದು ಮದುವೆ ಊಟದ ಪಂಕ್ತಿಯಲ್ಲಿ, ದರ್ಶನದ ಪ್ರಶ್ನೆ ಕೇಳಿದ ನೆಂಟರೊಬ್ಬರನ್ನು ನಾನೇ ಕೇಳಿಬಿಟ್ಟೆ: ನಿಮ್ಮ ಮನೆಯಲ್ಲಿ ಇಬ್ಬರಿಗೆ ಜಾಗ ಇದೆಯಾ? ಅವರ ತೋಟದಲ್ಲಿ ಹೋಂಸ್ಟೇ ಇದೆ, ಬೋರ್ಡು ದೂರದಿಂದಲೇ ಕಾಣುತ್ತದೆ. "ವೀಕೆಂಡ್ ಫುಲ್ ಇರತ್ತೆ ಮೇಷ್ಟ್ರೇ" ಅಂದರು. ವಾರದ ದಿನ ಬರ್ತಾರೆ ಅಂದೆ. "ಅವರು ಏನು ತಿಂತಾರೋ ಏನೋ" ಅಂದರು. ಅವರ ಗೇಟು ಕಾಯುವವರು ನೇಪಾಳದವರೇ, ಬಹಳ ವರ್ಷದಿಂದ. ಏನು ತಿಂತಾರೆ ಅಂತ ಅವರನ್ನೇ ಕೇಳಬಹುದು. ನಮ್ಮ ಮಕ್ಕಳಿಗೆ ಹೋಗುವ ಮೊದಲು ನಾಲ್ಕು ನೇಪಾಳಿ ಮಾತು ಹೇಳಿಕೊಟ್ಟದ್ದೂ ಪೇಟೆಯ ಫಾಸ್ಟ್ ಫುಡ್ ಗಾಡಿಯ ನೇಪಾಳಿ ಹುಡುಗನೇ. ಗೋಬಿ ಮಂಚೂರಿಯನ್ ಹುರಿಯುತ್ತಾ ಹೇಳಿಕೊಟ್ಟ, ಫೀಸು ತೆಗೆದುಕೊಳ್ಳಲಿಲ್ಲ.

ಆ ಮಕ್ಕಳನ್ನು ಕರೆದು ಪತ್ರ ಬರೆದಾಗಿದೆ. ಜಿಲ್ಲೆ, ರಾಜ್ಯ, ದೆಹಲಿ ಅಂತ ಕಾಗದ ಮತ್ತೆ ಓಡಾಡಬೇಕು, ಅದು ನನ್ನ ತಲೆನೋವು. ನಿಮ್ಮಿಂದ ಬೇಕಾದದ್ದು ಇಷ್ಟೇ. ಇಬ್ಬರು ಮಕ್ಕಳಿಗೆ ಮಲಗಲು ಜಾಗ. ಮಂಚ ಇಲ್ಲದಿದ್ದರೆ ಚಾಪೆ ನಡೆಯುತ್ತೆ. ಎರಡು ಹೊತ್ತು ಅನ್ನ, ಬೇಳೆ. ಕಾಫಿಗೆ ಸಕ್ಕರೆ ಜಾಸ್ತಿ ಇಟ್ಟುಕೊಳ್ಳಿ. ಮಗು ಎಡಗೈ ಚಾಚಿದರೆ ಅಜ್ಜಿಯಂದಿರು ಗದರಬಾರದು, ಇದನ್ನು ಈಗಲೇ ಹೇಳಿಟ್ಟಿರಿ. ಹೆಸರು ಕೊಡುವವರು ಶನಿವಾರ ಸಂಜೆ ನಮ್ಮ ಟ್ರೂಪ್ ಸೇರುವ ಮೈದಾನಕ್ಕೆ ಬನ್ನಿ. ದರ್ಶನದ ಬಗ್ಗೆ ಕೇಳುವವರು ಬರಬೇಡಿ.